ಓಡುವ ಚೈನಿನ ಬಣ್ಣ

ಬಂಗಾರಪೇಟೆ ರಸ್ತೆಯಲ್ಲಿ ಮೊನ್ನೆ ಲೇಔಟ್ ಕೆಲಸ ಮುಗಿಸಿದ ಬುಲ್ಡೋಜರೊಂದು ಟ್ರೇಲರ್ ಏರುತ್ತಿತ್ತು. ಚೈನಿನ ಪಟ್ಟಿಗಳ ಏಣು ಉಳುಮೆ ಮುಗಿಸಿದ ಗುಳದ ಹಾಗೆ ಹೊಳೆಯುತ್ತಿತ್ತು. ಏಣುಗಳ ನಡುವಿನ ತಗ್ಗಿನಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಪಿನ್ನಿನ ತುದಿಗಳು ಮಾತ್ರ ಕಡುಕಂದು. ಈ ಮೂರು ಬಣ್ಣ ಕಣ್ಣಲ್ಲಿರುವಾಗಲೇ ಮನೆಗೆ ಬಂದು, 1:35 ಅಳತೆಯ ಸೆಂಚೂರಿಯನ್ ಟ್ಯಾಂಕ್ ಮಾಡೆಲಿನ ಚೈನು ಕೈಗೆತ್ತಿಕೊಂಡೆ.

ಮಾಡೆಲ್ ಕಟ್ಟುವವರಲ್ಲಿ ಬಹಳ ಮಂದಿ ಚೈನು ಕಂಡೊಡನೆ ಕಿತ್ತಳೆ ತುಕ್ಕು ಬಳಿಯುತ್ತಾರೆ. ನನ್ನ ಜಗಳ ಇರುವುದೇ ಇಲ್ಲಿ. ಸೆಂಚೂರಿಯನ್ನಿನ ಚೈನು ಮ್ಯಾಂಗನೀಸ್ ಉಕ್ಕಿನ ಎರಕ. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡ ಈ ಉಕ್ಕಿನಲ್ಲಿ ಮ್ಯಾಂಗನೀಸ್ ಸುಮಾರು ಶೇ. 12ರಷ್ಟಿರುತ್ತದೆ. ಪೆಟ್ಟು ಬಿದ್ದಷ್ಟೂ ಇದರ ಮೈ ಗಡುಸಾಗುತ್ತದೆ. ಅದಿರು ಒಡೆಯುವ ಕ್ರಷರಿನ ದವಡೆಗೂ ಇದನ್ನೇ ಹಾಕುತ್ತಾರೆ. ರಾತ್ರಿ ಮಳೆಯಲ್ಲಿ ನಿಂತರೆ ತೆಳ್ಳಗೆ ಕಿತ್ತಳೆ ಪೊರೆ ಬರುತ್ತದೆ, ನಿಜ. ಬೆಳಿಗ್ಗೆ ಸ್ವಲ್ಪ ದೂರ ಓಡಿದರೆ ನೆಲ ತಾಗುವ ಕಡೆಯೆಲ್ಲ ಉಜ್ಜಿಹೋಗುತ್ತದೆ. ಗುಜರಿಯಲ್ಲಿ ಬಿದ್ದ ಟ್ಯಾಂಕಿನ ತುಕ್ಕನ್ನು ಯುದ್ಧಕ್ಕೆ ಹೊರಟ ಟ್ಯಾಂಕಿಗೆ ಯಾಕೆ ಹಚ್ಚಬೇಕು?

ನಾನು ಮಾಡುವುದು ಇಷ್ಟು. ಇಡೀ ಚೈನಿಗೆ ಕಡುಕಂದು ಹೊಡೆದು, ಮಣ್ಣಿನ ಪಿಗ್ಮೆಂಟನ್ನು ತಗ್ಗುಗಳಿಗೆ ತುಂಬಿ, ಥಿನ್ನರ್ ಹನಿಸಿ ಕೂರಿಸುತ್ತೇನೆ. ಪೂರ್ತಿ ಒಣಗಿದ ಮೇಲೆ 6ಬಿ ಪೆನ್ಸಿಲಿನ ಕಡ್ಡಿಯನ್ನು ಮರಳುಕಾಗದದ ಮೇಲೆ ಪುಡಿ ಮಾಡಿ, ಬೆರಳ ತುದಿಯಿಂದ ಏಣುಗಳಿಗೆ ಮಾತ್ರ ತಿಕ್ಕುತ್ತೇನೆ. ಬೆಳ್ಳಿ ಬಣ್ಣ ಎಷ್ಟು ನಾಜೂಕಾಗಿ ಸವರಿದರೂ ಬಣ್ಣವಾಗಿಯೇ ಕಾಣುತ್ತದೆ. ಗ್ರಾಫೈಟ್ ಸವೆದ ಉಕ್ಕಾಗಿ ಕಾಣುತ್ತದೆ. ಥಿನ್ನರಿಗೆ ಮುಂಚೆ ತಿಕ್ಕಿದರೆ ಹೊಳಪು ಮಂಕಾಗುತ್ತದೆ. ಇನ್ನೊಂದು ಮಾತು: ಡೋಜರಿನ ರೋಲರ್ ಉಕ್ಕಿನದು, ಅದು ಉರುಳುವ ಜಾಗ ಕನ್ನಡಿಯೇ. ಸೆಂಚೂರಿಯನ್ನಿನ ಗಾಲಿಗೆ ರಬ್ಬರ್ ಅಂಚಿದೆ. ಹಾಗಾಗಿ ಒಳಮೈಗೆ ಗ್ರಾಫೈಟ್ ಕಡಿಮೆ ಇರಲಿ.

ಮಣ್ಣಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. 1965ರಲ್ಲಿ ಅಸಲ್ ಉತ್ತರ್‌ನ ಕಬ್ಬಿನ ಗದ್ದೆಗಳಲ್ಲಿ, 1971ರಲ್ಲಿ ಬಸಂತರ್ ನದಿಯ ಬಳಿ ನಮ್ಮ ಸೇನೆಯ ಸೆಂಚೂರಿಯನ್ನುಗಳು ಪಾಕಿಸ್ತಾನದ ವಿರುದ್ಧ ಹೋರಾಡಿದವು. ಬಸಂತರ್‌ನಲ್ಲಿ ಯುವ ಸೇನಾಧಿಕಾರಿ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟದ್ದು ಅಂಥದೇ ಟ್ಯಾಂಕಿನಲ್ಲಿ. ಅಲ್ಲಿಯದು ನದಿ ತಂದ ಬೂದುಗಂದು ಮೆಕ್ಕಲು. ಆ ಟ್ಯಾಂಕಿನ ಮಾಡೆಲಿಗೆ ಹಿತ್ತಲ ಕೆಮ್ಮಣ್ಣು ಮೆತ್ತಿ ಸ್ಪರ್ಧೆಗೆ ತಂದಿಡುತ್ತಾರೆ, ಬಹುಮಾನವೂ ಸಿಗುತ್ತದೆ! ಅದೂ ಜರಡಿ ಹಿಡಿಯದ ಮಣ್ಣು. ಅರ್ಧ ಮಿಲಿಮೀಟರಿನ ಕಣ ಈ ಅಳತೆಯಲ್ಲಿ 17.5 ಮಿಲಿಮೀಟರಿನ ಜಲ್ಲಿಯಾಗುತ್ತದೆ ಎಂಬ ಲೆಕ್ಕವನ್ನೂ ಹಾಕುವುದಿಲ್ಲ.

ಕೆಮ್ಮಣ್ಣು ಹಚ್ಚಲೇಬೇಕೆಂದರೆ ನಮ್ಮ ಕೆಜಿಎಫ್‌ನ ಡೋಜರನ್ನೇ ಕಟ್ಟಲಿ. ಬಿಇಎಂಎಲ್ ಡೋಜರುಗಳು ತಯಾರಾಗುವ ಊರಿದು. ಇಲ್ಲಿ ಕೆಂಪಿನ ಮೇಲೆ ಇನ್ನೊಂದು ಪದರವೂ ಬೇಕು. ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳ ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳು ಗಣಿ ಮುಚ್ಚಿದ 2001ರ ನಂತರವೂ ಹಾಗೇ ನಿಂತಿವೆ. ಗಾಳಿಕಾಲದಲ್ಲಿ ಆ ಬೂದುಧೂಳು ಎಲ್ಲದರ ಮೇಲೂ ಕೂರುತ್ತದೆ. ಕೆಂಪು ಮೆತ್ತಿದ ಚೈನಿನ ಮೇಲೆ ಆ ತೆಳುಬೂದು ಎಷ್ಟು ಚೆಂದ! ಆದರೆ ದಿಬ್ಬದ ಪುಡಿ ಮನೆಗೆ ತರುವ ವಸ್ತುವಲ್ಲ, ಮುಟ್ಟಬೇಡಿ. ಬಿಳಿ, ಕಪ್ಪು ಪಿಗ್ಮೆಂಟಿಗೆ ಚಿಟಿಕೆ ಹಳದಿ ಬೆರೆಸಿ ಆ ಬಣ್ಣ ಹದ ಮಾಡಿಟ್ಟಿದ್ದೇನೆ. ಬೇಕಾದವರು ಕೇಳಿ, ಒಂದು ಡಬ್ಬಿ ಹಾಕಿಕೊಡುತ್ತೇನೆ.