ಹಕ್ಕಿ ಕರೆಯುವ ಅಟ್ಟಣೆ

ವಾಷಿಂಗ್ಟನ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಹೊರಟರೆ ಸುಮಾರು ಎರಡು ಗಂಟೆಯಲ್ಲಿ ಸೇಂಟ್ ಮೈಕಲ್ಸ್ ಸಿಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪುಟ್ಟ ಬಂದರು ಊರದು. ದಾರಿಯಲ್ಲಿ ಚೆಸಪೀಕ್ ಕೊಲ್ಲಿ ದಾಟಲು ಸುಮಾರು 7 ಕಿ.ಮೀ. ಉದ್ದದ ಸೇತುವೆ!

ನಾವು ಹೋದದ್ದು ಜೂನ್ ತಿಂಗಳಲ್ಲಿ. ದಡದಿಂದಾಚೆ ನೀರಿನಲ್ಲಿ ಅಲ್ಲಲ್ಲಿ ಕಂಬಗಳು, ತುದಿಯಲ್ಲಿ ಚೌಕಾಕಾರದ ಹಲಗೆ, ಅದರ ಮೇಲೆ ಒಣಕಡ್ಡಿಗಳ ರಾಶಿ. ನಮ್ಮ ಜೋಳದ ಹೊಲದ ಅಟ್ಟಣೆ ನೆನಪಾಯಿತು. ಅಲ್ಲಿ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತೇವೆ. ಈ ಅಟ್ಟಣೆ ಹಕ್ಕಿಯನ್ನು ಕರೆಯಲೆಂದೇ ಕಟ್ಟಿದ್ದು.

ಅತಿಥಿಯ ಹೆಸರು ಆಸ್ಪ್ರೆ, ನಮ್ಮ ಮೀನುಡೇಗೆ. ಮೀನೇ ಇದರ ಊಟ. 1950–60ರ ದಶಕಗಳಲ್ಲಿ ಡಿಡಿಟಿ ಕೀಟನಾಶಕ ಮೀನಿನ ಮೂಲಕ ಇದರ ಮೈ ಸೇರಿತು. ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಹಕ್ಕಿಗಳು ಚೇತರಿಸಿಕೊಂಡವು. ಆದರೆ ದಡದ ಎಷ್ಟೋ ಮರಗಳ ಜಾಗದಲ್ಲಿ ಮನೆಗಳೆದ್ದಿದ್ದವು. ಗೂಡಿಗೆ ವಿದ್ಯುತ್ ಕಂಬ ಹತ್ತಿದರೆ ಹಕ್ಕಿಗೂ ಅಪಾಯ, ಊರಿಗೂ ಕತ್ತಲೆ. ಅದಕ್ಕೇ ಈ ಅಟ್ಟಣೆ.

ಅಲ್ಲಿನ ಹಿರಿಯರೊಬ್ಬರು ತಮ್ಮ ಶೆಡ್ಡಿನಲ್ಲಿ ಇಂಥದೊಂದನ್ನು ಮಾಡುತ್ತಿದ್ದರು. ಸುಮಾರು ಮೂರಡಿ ಉದ್ದ, ಮೂರಡಿ ಅಗಲ. ಮಳೆನೀರು ಇಳಿಯಲು ಹಲಗೆಗಳ ನಡುವೆ ಸಂದು, ಗಾಳಿಗೆ ಕಡ್ಡಿ ಹಾರದಂತೆ ಸುತ್ತ ಅಂಚುಪಟ್ಟಿ. ಮೊಟ್ಟೆ ಕದಿಯುವ ರಕೂನ್ ಹತ್ತದಂತೆ ಕಂಬಕ್ಕೆ ನುಣುಪಾದ ತಗಡು. ಕೊನೆಗೆ ಮೇಲೆ ನಾಲ್ಕು ಕಡ್ಡಿ ಇಡಬೇಕಂತೆ. ಅದೇ ಆಮಂತ್ರಣ! ದಕ್ಷಿಣ ಅಮೆರಿಕದಿಂದ ಹಕ್ಕಿಗಳು ಮರಳುವ ಮಾರ್ಚ್ ಹೊತ್ತಿಗೆ ಅಟ್ಟಣೆ ಸಿದ್ಧವಿರಬೇಕು.

ನಾವು ನೋಡುತ್ತಿದ್ದಂತೆ ಗಂಡುಹಕ್ಕಿ ಮೀನು ಹಿಡಿದು ಬಂತು. ಗಾಳಿ ತಡೆಯದಂತೆ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡಿತ್ತು. ಹೆಣ್ಣು ಅದನ್ನು ಹರಿದು ಚೂರು ಚೂರಾಗಿ ಮೂರು ಮರಿಗಳಿಗೆ ತಿನ್ನಿಸಿತು.

ಎಲ್ಲ ಗೂಡುಗಳಿಗೂ ಆ ಭಾಗ್ಯವಿಲ್ಲ. ಕೊಲ್ಲಿಯ ದಕ್ಷಿಣ ಭಾಗದಲ್ಲಿ ಇತ್ತೀಚೆಗೆ ಅನೇಕ ಮರಿಗಳು ಹಸಿವಿನಿಂದ ಸತ್ತದ್ದನ್ನು ಪಕ್ಷಿತಜ್ಞರು ಕಂಡಿದ್ದಾರೆ. “ಹಲಗೆ ನಾನು ಕೊಡಬಲ್ಲೆ, ಮೀನನ್ನು ನೀರೇ ಕೊಡಬೇಕು” ಎಂದರು ಹಿರಿಯರು. ಮನೆ ಕಟ್ಟಿಕೊಟ್ಟರೆ ಸಾಲದು, ಒಲೆಯೂ ಉರಿಯಬೇಕು ತಾನೇ?

ಮೀನುಡೇಗೆ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಚಳಿಗಾಲದಲ್ಲಿ ಉತ್ತರದ ನಾಡುಗಳಿಂದ ನಮ್ಮ ಕಬಿನಿ ಹಿನ್ನೀರಿಗೂ ಇವು ವಲಸೆ ಬರುತ್ತವೆ. ಅತ್ತ ಹೋದಾಗ ನೀರಿನಲ್ಲಿ ನಿಂತ ಒಣಮರಗಳ ತುದಿಯತ್ತ ಒಮ್ಮೆ ಕಣ್ಣು ಹಾಯಿಸಿ. ಗೂಡು ಕಟ್ಟಲಲ್ಲ, ಹೊಟ್ಟೆಪಾಡಿಗೆ ಬಂದವು ಅವು. ಅವುಗಳಿಗೆ ನಾವು ಕೊಡಬೇಕಾದದ್ದು ಶುದ್ಧ ನೀರು ಮಾತ್ರ.