ಚುಕ್ಕಿಯ ಕೇಸ್ ಶೀಟ್

"ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ ಸಾರ್?"

ಬಿಳಿ ಕೋಟು ತೊಟ್ಟ ಹುಡುಗಿ ತಮಿಳಿನಲ್ಲಿ ಕೇಳಿದಳು. ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಗಿದೆ, ಪ್ರಶ್ನೆ ಅರ್ಥವಾಯಿತು. ಉತ್ತರ ಗೊತ್ತಿರಲಿಲ್ಲ. "ಮೊನ್ನೆ ಇರಬೇಕು" ಎಂದೆ. ಮೂತ್ರದ ಬಣ್ಣ? ನೋಡಿರಲಿಲ್ಲ. ಮೈಮೇಲೆ ಉಣ್ಣೆ ಇತ್ತಾ? ನಾನು ಮಗಳ ಮುಖ ನೋಡಿದೆ.

ಹನ್ನೊಂದು ವರ್ಷದ ಅವಳು ಚುಕ್ಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ಭಾನುವಾರ ರಾತ್ರಿ ಅರ್ಧ ಇಡ್ಲಿ. ಆಮೇಲೆ ಬರೀ ನೀರು. ಕಿವಿ ಒಳಗೆ ಎರಡು ಉಣ್ಣೆ ಇತ್ತು. ನಿಂಗೆ ತೋರಿಸಿದ್ದೆ ಅಪ್ಪಾ, ನೀನು ಕಾಲ್‌ನಲ್ಲಿದ್ದೆ" ಎಂದಳು. ಆಮೇಲೆ ಅದನ್ನೇ ಡಾಕ್ಟರ್ ಅಕ್ಕನಿಗೆ ತಮಿಳಿನಲ್ಲಿ ಹೇಳಿದಳು. ಕಾಲ್‌ನ ವಿಷಯವನ್ನೂ ಬಿಡಲಿಲ್ಲ.

ಚುಕ್ಕಿ ನಮ್ಮ ಬೀದಿಯಲ್ಲಿ ಸಿಕ್ಕ ನಾಯಿ. ನಾಲ್ಕು ವರ್ಷದಿಂದ ಮನೆಯಲ್ಲಿದ್ದಾಳೆ. ಅಂದು ಬೆಳಿಗ್ಗೆ ಎದ್ದು ನಿಲ್ಲಲಾಗದೆ ಕುಸಿದಳು, ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಪಕ್ಕದ ಕ್ಲಿನಿಕ್ಕಿನವರು ನೋಡಿದ ತಕ್ಷಣ, "ರಕ್ತ ಕೊಡಬೇಕಾಗಬಹುದು, ವೇಪೇರಿಗೆ ಕರೆದುಕೊಂಡು ಹೋಗಿ" ಅಂದರು.

ವೇಪೇರಿ ಅಂದರೆ ಮದ್ರಾಸ್ ವೆಟರ್ನರಿ ಕಾಲೇಜಿನ ಆಸ್ಪತ್ರೆ. 1903ರಲ್ಲಿ ಶುರುವಾದ ಕಾಲೇಜು, 1989ರಿಂದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಭಾಗ. ಚೀಟಿ ಮಾಡಿಸಿ ಒಳಗೆ ಹೋದರೆ ಮನುಷ್ಯರ ಜಿಲ್ಲಾಸ್ಪತ್ರೆಗೆ ಬಂದ ಹಾಗೆ ಅನಿಸುತ್ತದೆ. ಮೆಡಿಸಿನ್, ಸರ್ಜರಿ, ಹೆರಿಗೆಯ ವಿಭಾಗ, ಎಕ್ಸ್‌ರೇ, ಸ್ಕ್ಯಾನ್, ಲ್ಯಾಬು, ಎಲ್ಲ ಒಂದೇ ಕಾಂಪೌಂಡಿನಲ್ಲಿ. ನಮ್ಮ ಮುಂದೆ ತರಕಾರಿ ಬುಟ್ಟಿಯಲ್ಲಿ ಒಂದು ಬೆಕ್ಕು, ಅದರಾಚೆ ಕಾಲಿಗೆ ಪಟ್ಟಿ ಕಟ್ಟಿದ ಆಡು, ಹೊರಗೆ ಟೆಂಪೋದಿಂದ ಇಳಿಯಲು ಒಪ್ಪದ ಒಂದು ಹಸು.

ಕೇಸ್ ಶೀಟ್ ಬರೆದುಕೊಂಡ ಹುಡುಗಿ ಇಂಟರ್ನ್. ಪಶುವೈದ್ಯ ಪದವಿ ಐದೂವರೆ ವರ್ಷದ್ದು, ಅದರ ಕೊನೆಯ ಒಂದು ವರ್ಷ ಹೀಗೆ ಆಸ್ಪತ್ರೆಯಲ್ಲಿ ಕಳೆಯಬೇಕು. ಅವಳು ಹೋದ ಮೇಲೆ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಬಂದ, ಅವೇ ಪ್ರಶ್ನೆ. ಆಮೇಲೆ ಪ್ರೊಫೆಸರ್ ಬಂದರು, ಮತ್ತೆ ಅವೇ ಪ್ರಶ್ನೆ. ನನ್ನ ಕೆಲಸವೇ ಪ್ರಾಜೆಕ್ಟ್ ನಡೆಸುವುದು. ಒಂದೇ ದೂರನ್ನು ಮೂವರು ಬರೆದುಕೊಂಡರೆ ನಾನು ಎರಡನ್ನು ಮುಚ್ಚಿಸುತ್ತೇನೆ. ಬರೆದದ್ದನ್ನೇ ಓದಿಕೊಳ್ಳಬಾರದೇ ಎಂದು ಒಳಗೊಳಗೇ ಸಿಡುಕಿದೆ.

ಮೂರನೆಯ ಸಲ ಹೇಳುವಾಗ ಮಗಳು ತಡೆದು ನಿಂತಳು. "ಹೋದ ವಾರ ಅವಳ ಮೂಗಿಂದ ಸ್ವಲ್ಪ ರಕ್ತ ಬಂದಿತ್ತು. ಒಂದೇ ಸಲ. ಗೋಡೆಗೆ ತಾಗಿಸ್ಕೊಂಡಿದ್ದಾಳೆ ಅಂದ್ಕೊಂಡೆ."

ಪ್ರೊಫೆಸರ್ ಪೆನ್ನು ಕೆಳಗಿಟ್ಟು ಹಿಂದೆ ನಿಂತಿದ್ದ ಇಬ್ಬರ ಕಡೆ ತಿರುಗಿದರು. "ಮೊದಲೆರಡು ಸಲ ಇದು ಬಂದಿರಲಿಲ್ಲ, ನೋಡಿದ್ರಾ?" ಎಂದರು. ರೋಗಿಗೆ ಮಾತು ಬರುವುದಿಲ್ಲ, ಮನೆಯವರ ನೆನಪು ಒಂದೇ ಸಲಕ್ಕೆ ಹೊರಬರುವುದಿಲ್ಲ. ಅದಕ್ಕೇ ಮತ್ತೆ ಕೇಳಬೇಕು.

ನನಗೆ ಅಪ್ಪ ನೆನಪಾದರು. ಅರಸೀಕೆರೆ ಕಡೆಯ ನಮ್ಮೂರಿಗೆ ಪಶುವೈದ್ಯರು ಬಂದರೆ ಅಪ್ಪ ಕೊಟ್ಟಿಗೆ ಬಾಗಿಲಲ್ಲೇ ನಿಂತು ಒಪ್ಪಿಸುತ್ತಿದ್ದರು: ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ, ಸಗಣಿ ಗಟ್ಟಿ, ಎಡಗಡೆ ಹಿಂಗಾಲು ಊರ್ತಿಲ್ಲ. ರಾತ್ರಿ ಮಲಗಿದಲ್ಲಿಂದಲೇ, ಯಾವ ಹಸು ಮೆಲುಕು ಹಾಕುತ್ತಿಲ್ಲ ಎಂದು ಕೇಳಿಸಿಕೊಳ್ಳುತ್ತಿದ್ದ ಮನುಷ್ಯ ಅವರು. ಹೆಬ್ಬಾಳದಲ್ಲಿ ಓದಿದ್ದ ಆ ಡಾಕ್ಟರು, "ಅರ್ಧ ಕೆಲಸ ನೀವೇ ಮುಗಿಸ್ತೀರಿ ಗೌಡ್ರೇ" ಅನ್ನುತ್ತಿದ್ದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಎಂಟೆಕ್ ಮಾಡಿದ ಮಗನಿಗೆ ಸೋಫಾದ ಪಕ್ಕದಲ್ಲೇ ಮಲಗುವ ನಾಯಿ ಊಟ ಬಿಟ್ಟದ್ದು ಗೊತ್ತಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಕಾಯಿಲೆಯ ಹೆಸರು ಸಿಕ್ಕಿತು: ಎರ್ಲಿಕಿಯಾ. ಉಣ್ಣೆ ಕಚ್ಚಿ ಹರಡುವ ಬ್ಯಾಕ್ಟೀರಿಯಾ ಅದು, ಬಿಳಿ ರಕ್ತಕಣದೊಳಗೆ ಸೇರಿಕೊಂಡು ಪ್ಲೇಟ್‌ಲೆಟ್ ಇಳಿಸುತ್ತದೆ. ಮೂಗಿನ ರಕ್ತ ಅದರದ್ದೇ ಗುರುತು. ನಾಯಿಯ ರಕ್ತದಲ್ಲಿ ಕೆಂಪು ಕಣ ಸುಮಾರು 37ರಿಂದ 55 ಶೇಕಡಾ ಇರಬೇಕು. ಚುಕ್ಕಿಯದು 12.

ನಾಯಿಗಳಿಗೂ ರಕ್ತದ ಬ್ಯಾಂಕ್ ಇದೆ ಎಂದು ನನಗೆ ತಿಳಿದದ್ದು ಅಂದೇ. ಬೆಳಿಗ್ಗೆ ಒಂದು ಲ್ಯಾಬ್ರಡಾರ್ ಕೊಟ್ಟುಹೋದ ರಕ್ತ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಏರಿಸಿದರು. ಮೊದಲು ತೀರ ನಿಧಾನ, ಹನಿಹನಿಯಾಗಿ. ಇಂಟರ್ನ್ ಹುಡುಗಿ ಗಡಿಯಾರ ಹಿಡಿದು ಪಕ್ಕದಲ್ಲೇ ಕೂತು ಉಸಿರು, ನಾಡಿ, ಜ್ವರ ಬರೆಯುತ್ತಾ ಹೋದಳು. ಅವಳ ಊಟದ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು. ಸಂಜೆ ಹೊತ್ತಿಗೆ ಚುಕ್ಕಿ ತಲೆ ಎತ್ತಿದಳು.

ಬಿಲ್ಲು ನಾನು ಹೆದರಿದಷ್ಟು ಇರಲಿಲ್ಲ. ಅದೇ ಮುಜುಗರವಾಗಿ, "ಹುಷಾರಾದ ಮೇಲೆ ಇವಳೂ ರಕ್ತ ಕೊಡಬಹುದಾ?" ಎಂದು ಕೇಳಿದೆ. ಹುಡುಗಿ ನಕ್ಕಳು. ಈ ಕಾಯಿಲೆ ಬಂದ ನಾಯಿಯ ರಕ್ತ ತೆಗೆದುಕೊಳ್ಳುವುದಿಲ್ಲ, ಒಮ್ಮೆ ರಕ್ತ ಪಡೆದ ನಾಯಿಯದೂ ಇಲ್ಲ. ದೊಡ್ಡ ಮೈಯ, ಆರೋಗ್ಯವಂತ, ಲಸಿಕೆ ಹಾಕಿಸಿದ ನಾಯಿಯೇ ಬೇಕು. ಚುಕ್ಕಿಯಿಂದ ಆ ಲ್ಯಾಬ್ರಡಾರ್‌ನ ಸಾಲ ತೀರುವಂತಿಲ್ಲ.

ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ. ಅದು ಮುಗಿದ ಮೇಲೆ ಮತ್ತೆ ಹೋದಾಗ ಪ್ರೊಫೆಸರ್ ಜೊತೆ ಆರು ಜನ ಹೊಸ ವಿದ್ಯಾರ್ಥಿಗಳಿದ್ದರು. "ಇವರೂ ನೋಡಲಾ ಸಾರ್?" ಎಂದು ಕೇಳಿದರು. ಹನ್ನೊಂದಕ್ಕೆ ನನಗೆ ಮೀಟಿಂಗ್ ಇತ್ತು. ಆದರೆ ನಮ್ಮಿಂದ ಕೊಡಲು ಸಾಧ್ಯವಿದ್ದದ್ದು ಇದೊಂದೇ. "ನೋಡಲಿ ಸಾರ್" ಎಂದು ಫೋನು ಜೇಬಿಗೆ ಹಾಕಿದೆ.

ಒಬ್ಬೊಬ್ಬರಾಗಿ ವಸಡು ಒತ್ತಿ ನೋಡಿದರು, ಹೊಟ್ಟೆ ಮುಟ್ಟಿ ಗುಲ್ಮ ಹುಡುಕಿದರು, ಎದೆ ಆಲಿಸಿದರು. ನಾಲ್ಕನೆಯವನ ಕೈ ನಡುಗುತ್ತಿತ್ತು. ಚುಕ್ಕಿ ಗುರ್ ಅಂದಳು. ನಾನು ಕುತ್ತಿಗೆ ನೇವರಿಸುತ್ತಾ, "ನಿಧಾನ ನೋಡಪ್ಪಾ, ಅರ್ಜೆಂಟಿಲ್ಲ" ಅಂದೆ. ಮುಂದೊಂದು ದಿನ ಯಾವುದೋ ಊರಿನ ಕೊಟ್ಟಿಗೆಯಲ್ಲಿ ಇವನೊಬ್ಬನೇ ನಿಂತಿರುತ್ತಾನೆ. ಅಲ್ಲಿ ಪಕ್ಕದಲ್ಲಿ ಪ್ರೊಫೆಸರ್ ಇರುವುದಿಲ್ಲ.

ಅವನು ಹಾಳೆ ತೆಗೆದು ಮೊದಲಿನಿಂದ ಶುರು ಮಾಡಿದ. "ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ ಸಾರ್?"

"ಇವತ್ತು ಬೆಳಿಗ್ಗೆ ಏಳೂಕಾಲಕ್ಕೆ. ಎರಡು ಇಡ್ಲಿ, ಒಂದು ಮೊಟ್ಟೆ" ಎಂದೆ, ತಡವರಿಸದೆ.

"ಒಂದೂವರೆ ಇಡ್ಲಿ ಅಪ್ಪಾ. ಅರ್ಧ ತಟ್ಟೆಯಲ್ಲೇ ಬಿಟ್ಟಿದ್ಲು" ಎಂದಳು ಮಗಳು.

ಅವನು ಎರಡು ಎಂದು ಬರೆದದ್ದನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದುಕೊಂಡ.