ಚಿಮ್ಮಡದಿಂದ ಹಲಗಲಿಗೆ

ಚಿಮ್ಮಡದಲ್ಲಿ ಕಬ್ಬಿನ ಕಟಾವು ನಡೆದಿತ್ತು. ಎರಡೆರಡು ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಧೂಳೆಬ್ಬಿಸುತ್ತ ಹೋಗುತ್ತಿದ್ದವು. ಪ್ರಭುಲಿಂಗೇಶ್ವರನಿಗೆ ಕೈಮುಗಿದು ಬಸ್ಸಿಗೆ ಕಾಯುತ್ತಿದ್ದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಎತ್ತಾಗ ಹೊಂಟೀರಿ ಸರ?" ಎಂದರು. ಹಲಗಲಿಗೆ ಅಂದೆ. "ಬೇಡರ ಹಲಗಲಿಗೇನ್ರಿ? ಮುಧೋಳಕ್ಕ ಇಳದು ಬ್ಯಾರೆ ಬಸ್ ಹಿಡೀರಿ. ಜಡಗ, ಬಾಲರ ಊರ ಅದು!" 1857ರಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದ ಆ ಬೇಡ ನಾಯಕರನ್ನು ನಿನ್ನೆ ಮೊನ್ನೆ ಕಂಡವರ ಸಲಿಗೆ ಅವರ ದನಿಯಲ್ಲಿತ್ತು.

ಈ ಸೀಮೆಯ ಹಳೆಯ ನಕ್ಷೆ ನೆನೆದರೆ ಬೆರಗಾಗುತ್ತದೆ. ಇಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿ ಆಗ ಎರಡು ಸಂಸ್ಥಾನಗಳ ಪಾಲು: ರಬಕವಿ ಸಾಂಗಲಿಗೆ, ಬನಹಟ್ಟಿ ಜಮಖಂಡಿಗೆ. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನರೇ, ಆದರೆ ಗಾದಿ ಬೇರೆ. ಮಹಾಲಿಂಗಪುರ ಮುಟ್ಟಿದರೆ ಮುಧೋಳದ ಘೋರ್ಪಡೆಯವರ ನೆಲ. ಬಾಗಲಕೋಟೆ ಕಡೆ ಹೊರಳಿದರೆ ಕಂಪನಿ ಸರಕಾರ. ಬೆಳಿಗ್ಗೆ ಮನೆ ಬಿಟ್ಟ ರೈತ ಹೊತ್ತು ಮುಳುಗುವುದರೊಳಗೆ ಮೂರು ದೊರೆಗಳ ಸೀಮೆ ದಾಟಬಹುದಿತ್ತು. ಎಲ್ಲೆಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ. ನಿಷ್ಠೆ ಮಾತ್ರ ಊರಿಗೊಂದು.

ಈ ಗಡಿಗಳನ್ನೆಲ್ಲ ಮೀರಿ ಹರಡಿದ್ದವರು ಬೇಡರು. ಬೇಟೆ, ತಳವಾರಿಕೆ, ಊರ ಕಾವಲು, ದೊರೆಗಳ ದಂಡಿನಲ್ಲಿ ಚಾಕರಿ ಇವೇ ಅವರ ಬದುಕು. ಕತ್ತಿ, ಕೊಡಲಿ, ಬಂದೂಕು ಅವರಿಗೆ ಅನ್ನವೂ ಹೌದು, ಮಾನವೂ ಹೌದು. 1857ರಲ್ಲಿ ಉತ್ತರದ ದಂಗೆಗೆ ಬೆದರಿದ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದರು. ಮುಧೋಳ ಸಂಸ್ಥಾನ ಒಪ್ಪಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಮಂಟೂರು, ಆಲಗುಂಡಿಯ ಬೇಡರು ಬಂದು ಕೂಡಿಕೊಂಡರು. ತಮ್ಮ ದೊರೆಯ ಮಾತಿಗಿಂತ ತಮ್ಮವರ ಕರೆ ಅವರಿಗೆ ದೊಡ್ಡದಾಯಿತು.

ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂನ ಕುದುರೆದಂಡು ಹಲಗಲಿಯನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಸುಮಾರು 100 ಬೇಡರು ಸತ್ತರು, 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಮುಧೋಳದಲ್ಲಿ ಅಂದು ಸಂತೆ. ಕಾಳು ಕಡಿ ಕೊಳ್ಳಲು ಬಂದವರು ಆ ನೋಟ ಕಾಣಲೆಂದೇ ಸಂತೆಯ ದಿನವನ್ನು ಆರಿಸಿದ್ದರು. ಅಲ್ಲಿ ಬಸ್ಸು ಬದಲಿಸುವಾಗ, ಮೆಣಸಿನಕಾಯಿ ಚೀಲಗಳ ನಡುವೆ ನಿಂತು, ಆ ಜನಜಂಗುಳಿ ನೆನೆದು ನನ್ನ ಎದೆ ಝಲ್ಲೆಂದಿತು. ನೇಣಿಗೆ ಹೋಗುತ್ತಿದ್ದವರಲ್ಲಿ ತಮ್ಮ ಊರಿನ ಕಾವಲುಗಾರನನ್ನು ಗುರುತಿಸಿದವರು ಅಲ್ಲಿ ಎಷ್ಟು ಜನರಿದ್ದರೋ!

ಒಡಕು ಒಂದೇ ಮನೆಯೊಳಗೂ ಇತ್ತು. ಇಲ್ಲಿಂದ ದೂರವಲ್ಲದ ನರಗುಂದದ ಬಾಬಾಸಾಹೇಬ ಮರುವರ್ಷ ಬಂಡೆದ್ದು, 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದ. ಆತನ ಮಲಸಹೋದರನಾದ ರಾಮದುರ್ಗದ ದೊರೆ ಇಂಗ್ಲಿಷರ ಪಕ್ಷದಲ್ಲಿದ್ದ. ಬಾಬಾಸಾಹೇಬನಿಗೆ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ರಾಮದುರ್ಗದ ಗಾದಿ ಉಳಿಯಿತು.

ಹಲಗಲಿ ಹತ್ತಿರವಾದಂತೆ ಕಬ್ಬು ಹಿಂದೆ ಸರಿದು ಕುರುಚಲು ಗುಡ್ಡಗಳು ಎದ್ದವು. ಚಿಂಕಾರಗಳು ಇನ್ನೂ ಉಳಿದಿರುವ ಯಡಹಳ್ಳಿ ವನ್ಯಧಾಮ ಇದೇ ಸೀಮೆಯದು. ಕಲ್ಲು, ಜಾಲಿ, ಒಣಹುಲ್ಲು. ಇಂಥ ನೆಲದಲ್ಲಿ ಜಿಂಕೆಯ ಹೆಜ್ಜೆ ಹಿಡಿದು ನಡೆದವರ ಕೈಯಿಂದ ಆಯುಧ ಕಿತ್ತುಕೊಂಡರೆ ಉಳಿಯುವುದೇನು ಎಂಬುದು ಇಲ್ಲಿ ನಿಂತಾಗ ಅರ್ಥವಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ವಿಸ್ಮಯಗೊಳಿಸಿದ್ದು ಈ ಸೋಲು ಬದುಕಿ ಉಳಿದ ಬಗೆ. ಜನಪದ ಕವಿಯೊಬ್ಬ ಇದನ್ನು ಲಾವಣಿ ಕಟ್ಟಿ, ಬಂಡಾಯದ ನಾಯಕರಾದ ಹನುಮ, ಬಾಲ, ಜಡಗ, ರಾಮರನ್ನು ಜನರ ಬಾಯಲ್ಲಿ ನಿಲ್ಲಿಸಿದ. ಊರು ಸುಟ್ಟ ಸರಕಾರದ್ದೇ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಅಂಥ ಲಾವಣಿಗಳನ್ನು ಹಾಡುಗಾರರಿಂದ ಸಂಗ್ರಹಿಸಿ, 1885ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಗೆದ್ದವರ ಕೈಬರಹದಲ್ಲೇ ಸೋತವರ ಹಾಡು ಉಳಿಯಿತು! ಅದೇ ಲಾವಣಿ ಕರ್ನಾಟಕದ ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೂ ಬಂತು. ಜಮಖಂಡಿ, ಮುಧೋಳ, ರಬಕವಿ, ಹಲಗಲಿ ಈಗ ಒಂದೇ ಜಿಲ್ಲೆ. ಒಂದು ಕಾಲಕ್ಕೆ ಎದುರುಬದುರು ನಿಂತ ಪಕ್ಷಗಳ ಊರಿನ ಮಕ್ಕಳು ಆ ನಾಲ್ವರ ಹೆಸರನ್ನು ಒಟ್ಟಿಗೆ ಓದಿದ್ದಾರೆ. ಆ ಮಕ್ಕಳನ್ನು ಒಮ್ಮೆ ಹಲಗಲಿಗೂ ಕರೆತರಬೇಕು. ಪಾಠದಲ್ಲಿ ಓದಿದ ಬಂಡಾಯ ಎಷ್ಟು ಹತ್ತಿರದ್ದು, ಎಷ್ಟು ತಮ್ಮದು ಎಂಬುದು ಈ ಗುಡ್ಡಗಳ ನಡುವೆ ನಿಂತಾಗಲೇ ಅವರಿಗೆ ತಿಳಿದೀತು.